ದುರ್ಮಾಂಸಕ್ಕೆ ಬೇರಿಲ್ಲ

ಪ್ರಶ್ನೆ: ನನಗೆ 44 ವರ್ಷ. ಮೂಗಿನಲ್ಲಿ ದುರ್ಮಾಂಸ ಬೆಳೆದು ಎರಡು ಸಲ ಶಸ್ತ್ರಚಿಕಿತ್ಸೆ ಆಯಿತು. ಎರಡನೆಯ ಶಸ್ತ್ರಚಿಕಿತ್ಸೆ ಆಗಿ ಮೂರು ವರ್ಷ ತುಂಬುವ ಮೊದಲೇ ಮತ್ತೆ ಮೂಗು ಕಟ್ಟುತ್ತಿದೆ, ವಾಸನೆ ತಿಳಿಯುತ್ತಿಲ್ಲ. ತಂದೆಗೂ ಇದೇ ತೊಂದರೆ ಇತ್ತು, ಅಣ್ಣನಿಗೆ ಇಲ್ಲ. ಬೇರುಸಹಿತ ತೆಗೆಯಲಿಲ್ಲವೇ? ಒಂಬತ್ತು ವರ್ಷದ ಮಗಳಿಗೂ ಇದು ಬರುತ್ತದೆಯೇ?

ಉತ್ತರ: ‘ದುರ್ಮಾಂಸ’ ಎಂಬ ಹೆಸರಿನ ಮೇಲೆಯೇ ನನಗೆ ತಕರಾರಿದೆ. ವೈದ್ಯರು ಪಾಲಿಪ್ ಎನ್ನುವ ಅದು ಮಾಂಸವೇ ಅಲ್ಲ. ಸೈನಸ್‌ಗಳ ಒಳಪೊರೆ ನೀರು ಹೀರಿ ಉಬ್ಬಿ, ಸಿಪ್ಪೆ ಸುಲಿದ ದ್ರಾಕ್ಷಿಯಂತೆ ಜೋತುಬಿದ್ದಿರುತ್ತದೆ, ಅಷ್ಟೆ. ವೃತ್ತಿಯ ಆರಂಭದಲ್ಲಿ ನಾನೂ ತೆಗೆದ ಪಾಲಿಪ್‌ಗಳನ್ನು ಬಟ್ಟಲಿನಲ್ಲಿಟ್ಟು ರೋಗಿಗೆ ತೋರಿಸಿ, ‘ನೋಡಿ, ಬುಡಸಮೇತ ಬಂತು’ ಎಂದು ಬೀಗುತ್ತಿದ್ದೆ. ಅವರಲ್ಲಿ ಹಲವರು ಅದೇ ಕಟ್ಟಿದ ಮೂಗು ಹೊತ್ತು ಮರಳಿ ಬಂದ ಮೇಲೆ ಬಟ್ಟಲು ತೋರಿಸುವುದನ್ನು ಬಿಟ್ಟೆ.

ಕೀಳಲು ಅಲ್ಲಿ ಬೇರೇ ಇಲ್ಲ, ಇಡೀ ಪೊರೆಯೇ ಉರಿಯೂತದಲ್ಲಿದೆ. ಕೆರಳಿದ ಪೊರೆಯ ಜೀವಕೋಶಗಳು ಅಪಾಯದ ಸಂಕೇತ ಕಳುಹಿಸುತ್ತವೆ. ಆಗ ರಕ್ಷಣಾ ಕೋಶಗಳು ಇಂಟರ್‌ಲ್ಯೂಕಿನ್ 4, 5 ಮತ್ತು 13 ಎಂಬ ರಾಸಾಯನಿಕಗಳನ್ನು ಸುರಿಸುತ್ತವೆ. ಐದನೆಯದು ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆತಂದು, ಅವು ಬೇಗ ಸಾಯದಂತೆ ನೋಡಿಕೊಳ್ಳುತ್ತದೆ. ಹದಿಮೂರನೆಯದು ಲೋಳೆ ಹೆಚ್ಚಿಸುತ್ತದೆ. ರಕ್ತನಾಳಗಳಿಂದ ದ್ರವ ಜಿನುಗುತ್ತದೆ. ಗಾಯದಲ್ಲಿ ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್ ಎಳೆಗಳು ಇಲ್ಲಿ ಕರಗದೆ ಬಲೆಯಾಗಿ ನಿಂತು ಆ ನೀರನ್ನು ಹಿಡಿದಿಡುತ್ತವೆ. ಎಲ್ಲರ ಪಾಲಿಪ್‌ಗಳೂ ಇದೇ ಬಗೆಯವಲ್ಲ, ಕೆಲವರಲ್ಲಿ ನ್ಯೂಟ್ರೊಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳದ್ದೇ ಮೇಲುಗೈ. ಆದರೆ ಹಟ ಹಿಡಿದು ಮರಳುವವು ಹೆಚ್ಚಾಗಿ ಇಯೊಸಿನೊಫಿಲ್ ಬಗೆಯವು.

ಹಾಗಾಗಿ ನಿಮ್ಮ ಶಸ್ತ್ರವೈದ್ಯರನ್ನು ದೂರಲು ನಾನು ಸಿದ್ಧನಿಲ್ಲ. ಶಸ್ತ್ರಚಿಕಿತ್ಸೆ ದಾರಿ ತೆರೆಯುತ್ತದೆ. ಆ ದಾರಿಯಲ್ಲಿ ಸ್ಟೀರಾಯ್ಡ್ ಸ್ಪ್ರೇ ಮತ್ತು ಉಪ್ಪುನೀರಿನ ತೊಳೆತ ದಿನವೂ ಒಳಗೆ ಹೋಗಬೇಕು, ಮೂಗು ಹಗುರವೆನಿಸಿದ ದಿನವೂ. ನಿಮ್ಮ ಪತ್ರದಲ್ಲಿ ಸ್ಪ್ರೇಯ ಮಾತೇ ಇಲ್ಲ, ನನ್ನ ಅನುಮಾನ ಅಲ್ಲಿಯೇ.

ಇನ್ನು ವಂಶದ ವಿಚಾರ. ಹೆತ್ತವರಿಗೋ ಒಡಹುಟ್ಟಿದವರಿಗೋ ಪಾಲಿಪ್ ಇದ್ದರೆ ಸಾಧ್ಯತೆ ಹೆಚ್ಚುವುದು ನಿಜ. ಆದರೆ ತಂದೆಯಿಂದ ನೇರವಾಗಿ ಇಳಿದುಬರುವ ಒಂದೇ ‘ಪಾಲಿಪ್ ಜೀನ್’ ಇಲ್ಲ. ಹಲವು ಜೀನ್‌ಗಳು ಒಂದೊಂದು ಚಿಟಿಕೆ ಸೇರಿಸುತ್ತವೆ, ಕೆಲವು ತಡೆಯುತ್ತವೆ ಕೂಡ. 2019ರಲ್ಲಿ ಪ್ರಕಟವಾದ ಐಸ್‌ಲ್ಯಾಂಡ್ ತಂಡದ ಅಧ್ಯಯನವೊಂದರಲ್ಲಿ ಎಎಲ್‌ಒಎಕ್ಸ್15 ಎಂಬ ಜೀನ್‌ನ ಒಂದು ಮಾರ್ಪಾಡು ಇದ್ದವರಿಗೆ ಪಾಲಿಪ್ ಬರುವುದು ಬಹಳ ಕಡಿಮೆ ಎಂದು ಕಂಡುಬಂತು. ಆ ಜೀನ್ ಕೆಟ್ಟಿರುವುದೇ ಅವರಿಗೆ ಒಳಿತಾಗಿತ್ತು! ಅಣ್ಣನಿಗೆ ತಂದೆಯಿಂದ ಬೇರೆ ಪಾಲು ಬಂದಿರಬಹುದು, ಇಲ್ಲವೇ ಬಂದದ್ದು ಕೆರಳದೆ ಉಳಿದಿರಬಹುದು.

ಮಗಳಿಗೆ ತೊಂದರೆ ಇಲ್ಲವಾದರೆ ಈಗ ಯಾವ ಪರೀಕ್ಷೆಯೂ ಬೇಡ. ಈ ಕಾಯಿಲೆ ಮಧ್ಯವಯಸ್ಸಿನದು, ಮಕ್ಕಳಲ್ಲಿ ಅಪರೂಪ. ಮಗುವಿನ ಮೂಗಿನಲ್ಲಿ ನಿಜಕ್ಕೂ ಪಾಲಿಪ್ ಕಂಡರೆ ಮಾತ್ರ ಸಿಸ್ಟಿಕ್ ಫೈಬ್ರೋಸಿಸ್ (ದೇಹದ ಲೋಳೆ ಗಟ್ಟಿಯಾಗುವ ಹುಟ್ಟು ಕಾಯಿಲೆ) ಇದೆಯೇ ಎಂದು ನೋಡಲೇಬೇಕು. ಅದು ಸಿಎಫ್‌ಟಿಆರ್ ಎಂಬ ಒಂದೇ ಜೀನ್‌ನ ದೋಷ, ನಿಮ್ಮ ಮನೆಯ ಕಥೆ ಬೇರೆ.

ನೀವು ಬರೆಯದೆ ಬಿಟ್ಟ ಇನ್ನೊಂದು ವಿಷಯ: ಉಬ್ಬಸವಿದೆಯೇ? ಆಸ್ಪಿರಿನ್ ಅಥವಾ ಐಬುಪ್ರೊಫೆನ್ ನುಂಗಿದ ಬಳಿಕ ಮೂಗು ಸೋರಿ ಎದೆ ಬಿಗಿಯುತ್ತದೆಯೇ? ಹೌದಾದರೆ ಆ ಮಾತ್ರೆಗಳನ್ನು ಇಂದೇ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಪಾಲಿಪ್, ಉಬ್ಬಸ, ಇಂತಹ ಮಾತ್ರೆ ಒಗ್ಗದಿರುವುದು, ಈ ಮೂರೂ ಸೇರಿದ ಕಾಯಿಲೆಯಲ್ಲಿ ಪಾಲಿಪ್ ಪದೇ ಪದೇ ಬೆಳೆಯುತ್ತದೆ. ಹೃದಯಕ್ಕೆಂದು ಯಾರಾದರೂ ಆಸ್ಪಿರಿನ್ ಕೊಟ್ಟಿದ್ದರೆ ಮಾತ್ರ ಅವರನ್ನು ಕೇಳದೆ ನಿಲ್ಲಿಸಬೇಡಿ.

ಮೂರನೆಯ ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ಹಳೆಯ ಬಯಾಪ್ಸಿ ವರದಿಗಳನ್ನು ಹುಡುಕಿ ತೆಗೆದುಕೊಂಡು ಹೋಗಿ. ಅವುಗಳಲ್ಲಿ ಇಯೊಸಿನೊಫಿಲ್ ಹೇರಳವಾಗಿವೆ ಎಂದಿದ್ದರೆ, ಇಂಟರ್‌ಲ್ಯೂಕಿನ್ 4 ಮತ್ತು 13ರ ಕೆಲಸ ತಡೆಯುವ ಡುಪಿಲುಮ್ಯಾಬ್‌ನಂತಹ ಚುಚ್ಚುಮದ್ದು ನಿಮಗೆ ಹೊಂದುತ್ತದೆಯೇ ಎಂದು ಕೇಳಿ.