ಹಾವಿನ ಮೇಲಿನ ಪಾದ ಯಾರದು?

ಪ್ರಶ್ನೆ: ಮೇರಿ ಹಾವನ್ನು ತುಳಿಯುವ ಐರೋಪ್ಯ ಚಿತ್ರಗಳು ನಾಗಾರಾಧನೆಯನ್ನು ಹಳಿಯಲೆಂದೇ ಬರೆದವು ಎಂಬ ಸಂದೇಶ ಮೊಬೈಲಿಗೆ ಬಂದಿತ್ತು. ನಿಜವೇ? ಯಾವ ಪ್ರಾಣಿಗೆ ಯಾವ ಅರ್ಥ ಎಂಬ ಪಟ್ಟಿಯನ್ನೂ ಕೊಡಿ.

ಉತ್ತರ: ಶುದ್ಧ ಸುಳ್ಳು. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಆ ಹಾವು ಬೈಬಲಿನ ಏದೆನ್ ತೋಟದ್ದು, ಮೊದಲ ಹೆಂಗಸು ಹವ್ವಳನ್ನು ಮರುಳುಮಾಡಿ ಹಣ್ಣು ತಿನ್ನಿಸಿದ್ದು; ನಮ್ಮ ನಾಗನ ಕಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಇಂಥದ್ದನ್ನು ಹಂಚುವವರು ಚಿತ್ರವನ್ನು ಒಮ್ಮೆ ಕಣ್ಣಿಟ್ಟು ನೋಡಿದ್ದರೆ, ಜಗಳ ಹಾವಿನದಲ್ಲ, ಪಾದದ್ದು ಎಂದು ತಿಳಿಯುತ್ತಿತ್ತು.

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ಆ ಹಾವಿನ ತಲೆ ಜಜ್ಜುವವರು ಯಾರು? ಕ್ಯಾಥೊಲಿಕರ ಲ್ಯಾಟಿನ್ ಬೈಬಲ್ 'ಅವಳು' ಎಂದಿತು. ಅದನ್ನು ಮೇರಿ ಎಂದು ಓದಿದರು. ಪ್ರೊಟೆಸ್ಟೆಂಟರು ಒಪ್ಪಲಿಲ್ಲ, ಜಜ್ಜುವವನು ಅವಳ ಮಗ ಯೇಸು ಎಂದರು. 1605–06ರಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೊ ವ್ಯಾಟಿಕನ್ನಿನ ಸಂತ ಪೀಟರ್ ಬೆಸಿಲಿಕಾ ಎಂಬ ದೊಡ್ಡ ಚರ್ಚಿಗೆ ಬರೆದ ಚಿತ್ರದಲ್ಲಿ ಹಾವಿನ ಮೇಲೆ ಮೇರಿಯ ಪಾದವಿದೆ, ಅವಳ ಪಾದದ ಮೇಲೆ ಬಾಲಯೇಸುವಿನ ಪುಟ್ಟ ಪಾದವಿದೆ. ಒಂದು ಸರ್ವನಾಮದ ವ್ಯಾಜ್ಯವನ್ನು ಹೀಗೆ ಬಿಡಿಸಿದವನಿಗೆ ನಾನು ಇಂದಿಗೂ ಕೈ ಮುಗಿಯುತ್ತೇನೆ. ಚಿತ್ರ ಅಲ್ಲಿ ಉಳಿದದ್ದು ಕೆಲವೇ ದಿನ. ಕಾರ್ಡಿನಲ್ ಸಿಪಿಯೋನೆ ಬೋರ್ಗೆಸೆ ಕೊಂಡುಕೊಂಡ, ಈಗ ರೋಮಿನ ಬೋರ್ಗೆಸೆ ಗ್ಯಾಲರಿಯಲ್ಲಿದೆ.

ಸುಮಾರು 1670ರ ಹೊತ್ತಿಗೆ ಡಚ್ ಚಿತ್ರಕಾರ ವರ್ಮೀರ್ ಬರೆದ ಕ್ಯಾಥೊಲಿಕ್ ಶ್ರದ್ಧೆಯ ರೂಪಕಚಿತ್ರದಲ್ಲಿ ಹಾವಿನ ಮೇಲೆ ಪಾದವೇ ಇಲ್ಲ. ಅದನ್ನು ಜಜ್ಜಿರುವುದು ಮೂಲೆಗಲ್ಲು, ಬೈಬಲಿನಲ್ಲಿ ಕ್ರಿಸ್ತನಿಗಿರುವ ಹೋಲಿಕೆ ಅದು. ಹತ್ತಿರದಲ್ಲೇ ಕಚ್ಚಿದ ಸೇಬು ಬಿದ್ದಿದೆ. ಶ್ರದ್ಧೆಯೆಂಬ ಹೆಂಗಸಿನ ಕಾಲಡಿ ಇರುವುದು ಭೂಗೋಳ. ಇದಕ್ಕೆ ವರ್ಮೀರ್ ಆಧರಿಸಿದ್ದು ಇಟಲಿಯ ಚೆಸಾರೆ ರೀಪಾ ಬರೆದ ಸಂಕೇತಕೋಶವನ್ನು. ಅದು ಮೊದಲು ಅಚ್ಚಾದದ್ದು 1593ರಲ್ಲಿ. ಆದರೆ ಅದೇ ಕೋಶದಲ್ಲಿ ವಿವೇಕದೇವಿಯ ತೋಳಿಗೂ ಹಾವು ಸುತ್ತಿಕೊಂಡಿದೆ, ಅಲ್ಲಿ ಅದು ಜಾಣತನ! ಸಿಂಹವೂ ಹಾಗೆಯೇ: ಬೈಬಲಿನಲ್ಲಿ ಒಂದು ಕಡೆ ಯೂದನ ಸಿಂಹವೆಂದರೆ ಕ್ರಿಸ್ತ, ಇನ್ನೊಂದು ಕಡೆ ಗರ್ಜಿಸುವ ಸಿಂಹವೆಂದರೆ ಸೈತಾನ. ಆದ್ದರಿಂದ ಪಟ್ಟಿ ಕೊಡುವುದಿಲ್ಲ. ಪ್ರಾಣಿ ಯಾರ ಕೈಯಲ್ಲಿದೆ, ಯಾರ ಕಾಲಡಿ ಇದೆ, ಪಕ್ಕದಲ್ಲಿ ಏನಿದೆ ಎಂದು ನೋಡಿ.

ಪ್ರಶ್ನೆ: ಸಂತ ಪೀಟರ್ ಬೆಸಿಲಿಕಾದಲ್ಲಿ ಶಿಲ್ಪಿ ಬೆರ್ನಿನಿಯ ಕಂಚಿನ ಮಂಟಪದ ಮೇಲಿನ ಜೇನುಹುಳುಗಳ ಆಧ್ಯಾತ್ಮಿಕ ಗೂಢಾರ್ಥವೇನು?

ಉತ್ತರ: ಗೂಢವೇನೂ ಇಲ್ಲ. ಅವು ಪೋಪ್ ಎಂಟನೆಯ ಅರ್ಬನ್‌ನ ಬಾರ್ಬೆರಿನಿ ಮನೆತನದ ಲಾಂಛನ, ಮೈಸೂರಿನ ಅರಸರಿಗೆ ಗಂಡಭೇರುಂಡ ಇದ್ದಂತೆ.

ಪ್ರಶ್ನೆ: ಸ್ಪೇನಿನ ಚಿತ್ರಕಾರ ಜುರ್ಬರಾನನ ಕುರಿಮರಿಯ ಚಿತ್ರವನ್ನು ಯಾವ ದಿಕ್ಕಿನ ಗೋಡೆಗೆ ಹಾಕಿದರೆ ಶುಭ? ವಾಸ್ತು ಹೇಳುವವರೊಬ್ಬರು ಈಶಾನ್ಯ ಎಂದರು.

ಉತ್ತರ: ನಾಲ್ಕೂ ಕಾಲು ಕಟ್ಟಿ ಬಲಿಗೆ ಮಲಗಿಸಿದ ಜೀವ ಅದು. ಸ್ಪೇನಿನ ಭಕ್ತರು ಅದರಲ್ಲಿ ಶಿಲುಬೆಗೆ ಹೋಗುವ ಕ್ರಿಸ್ತನನ್ನು ಕಂಡರು. ವಾಸ್ತುವಿನವರಿಗೆ ದುಡ್ಡು ಕೊಡಬೇಡಿ. ಬೆಳಕು ಚೆನ್ನಾಗಿ ಬೀಳುವ ಗೋಡೆಗೆ ಹಾಕಿ, ಉಣ್ಣೆಯ ಒಂದೊಂದು ಸುರುಳಿಯೂ ಕಾಣಬೇಕು.