ಮಂಗಳೂರಿನಲ್ಲಿ ಒಂದೇ ದಿನವಿದ್ದರೆ ನೋಡಬೇಕಾದದ್ದು ಕಡಲತೀರವೋ, ಹಳೆಯ ಕಟ್ಟಡಗಳೋ?

ತಂದೆಯವರ ಜೊತೆ ಮಂಗಳೂರಿನಲ್ಲಿ ಒಂದೇ ದಿನವಿದೆ, ಬೀಚಿಗೆ ಹೋಗಲೋ ಹಳೆಯ ಕಟ್ಟಡಗಳಿಗೋ ಎಂದು ಕೇಳಿದ್ದೀರಿ. ಅಂಥದೇ ಒಂದು ದಿನವನ್ನು ನಾನು ಎಂಟು ವರ್ಷಗಳ ಹಿಂದೆ ಕೈಯಾರೆ ಕಳೆದುಕೊಂಡಿದ್ದೇನೆ.

ನಮ್ಮದು ತೀರ್ಥಹಳ್ಳಿಯ ಕಡೆ. ಅಪ್ಪ ಬಡಗಿ, ಮಾಡಿಗೆ ಪಕಾಸು, ರೀಪು ಹೊಡೆದು ಹಂಚು ಹೊದಿಸುವುದರಲ್ಲೇ ನಲವತ್ತು ವರ್ಷ ಸವೆಸಿದವರು. ಮಂಗಳೂರು ಹಂಚು ಹುಟ್ಟಿದ ಊರನ್ನು, ಅದನ್ನು ಹೊರಗೆ ಕಳುಹಿಸಿದ ಬಂದರನ್ನು ಒಮ್ಮೆ ನೋಡಬೇಕೆಂಬುದು ಅವರ ಬಹುದಿನದ ಆಸೆಯಾಗಿತ್ತು.

ನಾನು ಫೋನಿನಲ್ಲಿ ‘ಮಂಗಳೂರು ಬಂದರು’ ಎಂದು ಹುಡುಕಿ, ಮೊದಲು ಕಂಡ ಪಣಂಬೂರಿನಲ್ಲೇ ಕೋಣೆ ಹಿಡಿದೆ. ಈ ಊರಿಗೆ ಬಂದರುಗಳು ಎರಡು ಎಂಬುದು ನನಗೆ ತಿಳಿದಿರಲಿಲ್ಲ, ಯಾರನ್ನಾದರೂ ಒಂದು ಮಾತು ಕೇಳಬೇಕೆಂದೂ ತೋಚಲಿಲ್ಲ. ಪಣಂಬೂರಿನದು 1974ರಲ್ಲಿ ದೇಶದ ಪ್ರಮುಖ ಬಂದರೆಂದು ಘೋಷಿತವಾದ ನವಮಂಗಳೂರು ಬಂದರು. ಎಣ್ಣೆ, ಕಲ್ಲಿದ್ದಲುಗಳ ದೊಡ್ಡ ಹಡಗುಗಳು ಬರುವ ಅಲ್ಲಿಗೆ ನಮ್ಮಂಥವರು ಸುಮ್ಮನೆ ಹೊಕ್ಕು ನೋಡುವಂತಿಲ್ಲ. ಹಂಚಿನ ಕಾಲದ ಬಂದರು ಇರುವುದು ದಕ್ಷಿಣಕ್ಕೆ, ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆಯ ಒಳಗೆ. ಆ ಪೇಟೆಗೇ ಬಂದರ್ ಎಂದು ಹೆಸರು. ಬೆಳಗ್ಗೆಯೇ ಒಬ್ಬ ರಿಕ್ಷಾದವರನ್ನು ಕೇಳಿದ್ದರೂ ಸಾಕಿತ್ತು. ಕೇಳದೆ ಮಧ್ಯಾಹ್ನದವರೆಗೆ ಅಪ್ಪನನ್ನು ಪಣಂಬೂರಿನ ಮರಳಿನಲ್ಲಿ ಕೂರಿಸಿದೆ.

ಬಂದರ್ ತಲುಪಿದಾಗ ಸಂಜೆ ನಾಲ್ಕೂವರೆ, ಐದೂವರೆಗೆ ಊರಿನ ಬಸ್ಸು. ಗೋದಾಮೊಂದರ ಗೋಡೆಗೆ ಹಳೆಯ ಹಂಚುಗಳನ್ನು ಪೇರಿಸಿಟ್ಟಿದ್ದರು. ಅಪ್ಪ ಒಂದನ್ನು ಎತ್ತಿ ಮಗುಚಿ, ಹೆಬ್ಬೆರಳಿನಿಂದ ಪಾಚಿ ಉಜ್ಜಿದರು. ಇಲ್ಲಿ ಹಂಚಿನ ಕಾರ್ಖಾನೆ ನಡೆಸಿದ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ನಿನ ಹೆಸರು, 1865 ಎಂಬ ಇಸವಿ ಎದ್ದು ಬಂದವು. ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು, “ಇನ್ನೂ ಗಟ್ಟಿ ಇದೆ ನೋಡು” ಎಂದರು. ಅಷ್ಟರಲ್ಲಿ ನಾನು ಬಸ್ಸಿಗೆ ಅವಸರ ಮಾಡಿದೆ. ಆಮೇಲೆ ಅವರಿಗೆ ಮಂಡಿನೋವು ಹೆಚ್ಚಾಗಿ, ಘಟ್ಟ ಇಳಿಯುವುದೇ ನಿಂತುಹೋಯಿತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮಂಗಳೂರಿನಲ್ಲಿ ನೀರೂ ಕಟ್ಟಡವೂ ಬೇರೆಬೇರೆಯಲ್ಲ. ಹಂಚಿನ ಜೇಡಿಮಣ್ಣು ಬಂದದ್ದು ಹೊಳೆಯ ದಡದಿಂದ, ಸುಟ್ಟ ಹಂಚು ಹೊರಟದ್ದು ಅದೇ ನೀರಿನ ಮೇಲೆ. ಬೀಚನ್ನು ಬಿಟ್ಟು ಹೊಳೆಯ ಕಡೆಗೆ ಹೋಗಿ.

ಬೆಳಗ್ಗೆ ಬೇಗ ದಕ್ಕೆಗೆ, ಅಂದರೆ ಮೀನಿನ ಬೋಟುಗಳು ಬಂದು ನಿಲ್ಲುವ ಕಟ್ಟೆಗೆ, ಹೋದರೆ ಮೀನು ಇಳಿಸುವುದನ್ನು ಕಾಣಬಹುದು. ಹಳೆಯ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸರಕು ಹೊರುವ ಮಂಜಿ ಎಂಬ ಮರದ ಹಡಗುಗಳು ನಿಂತಿರುತ್ತವೆ. ಅಲ್ಲೇ ಬಂದರ್‌ನ ಝೀನತ್ ಬಕ್ಷ್ ಮಸೀದಿಯಲ್ಲಿ ಮರದ ಕೆತ್ತನೆಯಿದೆ. ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಅಂತೋನಿಯೊ ಮೊಸ್ಕೇನಿ ಬರೆದ ಭಿತ್ತಿಚಿತ್ರಗಳಿಗೆ ಒಂದು ಗಂಟೆಯಾದರೂ ಕೊಡಿ, ಆದರೆ ತೆರೆದಿರುವ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಿ. ಸಂಜೆಗೆ ಬೋಳೂರಿನ ಸುಲ್ತಾನ್ ಬತ್ತೇರಿ. ಶತ್ರುಗಳ ಯುದ್ಧನೌಕೆಗಳು ಹೊಳೆಯೊಳಗೆ ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಈ ಕಪ್ಪುಕಲ್ಲಿನ ಕಾವಲುಗೋಪುರದ ಸುತ್ತಲೂ ಫಿರಂಗಿ ಕಿಂಡಿಗಳಿವೆ. ಅಲ್ಲಿಂದ ದೋಣಿಯಲ್ಲಿ ಹೊಳೆ ದಾಟಿದರೆ ತಣ್ಣೀರುಬಾವಿ. ಕಡಲನ್ನು ಅಲ್ಲಿಯೇ ನೋಡಿಕೊಳ್ಳಿ.

ಜೂನ್, ಜುಲೈನಲ್ಲಿ ಮಾತ್ರ ಹೋಗಬೇಡಿ. ಆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳೆಲ್ಲ ದಡ ಸೇರಿರುತ್ತವೆ, ದಕ್ಕೆಯಲ್ಲಿ ಆ ಗಲಾಟೆ ಇರುವುದಿಲ್ಲ.