ಮಾವ ನಾಲ್ಕನೇ ಪುಟದಲ್ಲಿ ಯಾಕೆ?

ನಮಸ್ಕಾರ.

ಕೆಂಪು ರಕ್ತಕಣವನ್ನು ಆಕ್ಸಿಡೀಕರಣದಿಂದ ಕಾಯುವ ಜಿ6ಪಿಡಿ ಕಿಣ್ವದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾಗುವುದಿಲ್ಲ. ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ.

ಮೊದಲ ಮೂರು ಪುಟ ತೆಗೆದುಬಿಡಿ. "ಡಿಎನ್‌ಎ ಎಂಬುದು ಜೀವನದ ಮಹಾಗ್ರಂಥ" ಎಂದು ಶುರುವಾಗುವ ಲೇಖನಗಳು ನನ್ನ ಮೇಜಿನ ಮೇಲೆ ಬೇಕಾದಷ್ಟಿವೆ. ಮಂಗಳೂರಿನಲ್ಲಿ ಮಲೇರಿಯಾ ಹಿಡಿದು, ಅದಕ್ಕೆ ಕೊಡುವ ಪ್ರೈಮಾಕ್ವಿನ್ ಮಾತ್ರೆ ನುಂಗಿ, ಮೂರನೇ ದಿನ ಡಿಕಾಕ್ಷನ್ ಬಣ್ಣದ ಮೂತ್ರ ಕಂಡು ಹೆದರಿದ ನಿಮ್ಮ ಮಾವ ಇದ್ದಾರಲ್ಲ, ಅವರನ್ನು ನಾಲ್ಕನೇ ಪುಟದಲ್ಲಿ ಎರಡೇ ಸಾಲಿಗೆ ಮುಗಿಸಿದ್ದೀರಿ. ಅವರಿಂದಲೇ ಶುರು ಮಾಡಿ.

ಈಗ ತಪ್ಪಿನ ವಿಷಯ. "ಮ್ಯುಟೇಶನ್‌ನಿಂದ ಕಿಣ್ವ ನಾಶವಾಗುತ್ತದೆ" ಎಂದಿದ್ದೀರಿ. ಹಾಗಲ್ಲ. ಕಿಣ್ವ ತಯಾರಾಗುತ್ತದೆ, ಒಂದಿಷ್ಟು ಕೆಲಸವನ್ನೂ ಮಾಡುತ್ತದೆ. ಅದರ ಮಡಿಕೆ, ಅಂದರೆ ಅಮೈನೋ ಆಮ್ಲಗಳ ಸರ ಮಡಚಿಕೊಂಡು ಪಡೆಯುವ ಆಕಾರ, ಗಟ್ಟಿಯಾಗಿ ಕೂತಿರುವುದಿಲ್ಲ. 515 ಅಮೈನೋ ಆಮ್ಲಗಳ ಸರದಲ್ಲಿ 188ನೆಯದು ಸೆರಿನ್, ಪುಟ್ಟದು. ಮೆಡಿಟರೇನಿಯನ್ ಎಂಬ ಮ್ಯುಟೇಶನ್ ಮಾದರಿಯಲ್ಲಿ ಆ ಜಾಗಕ್ಕೆ ದಪ್ಪ ಉಂಗುರ ಹೊತ್ತ ಫಿನೈಲ್‌ಅಲನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಬಂದು ಕೂರುತ್ತದೆ. ನಮ್ಮ ದೇಶದಲ್ಲೂ ಕಾಣುವ ಮಾದರಿ ಇದು. ಇಲ್ಲಿ ನೀವು ಬೀಗ–ಕೀಲಿ ಹೋಲಿಕೆ ತಂದಿದ್ದೀರಿ, ಅದು ಮಡಿಕೆಗೆ ಹೊಂದುವುದಿಲ್ಲ. ಕೊನೆಯ ಪುಟದಲ್ಲಿ ಸುಮ್ನೆ ಬಂದುಹೋಗುವ ಸೀರೆ ನೆರಿಗೆಯೇ ಸರಿ. ಪಿನ್ ಹಾಕದ ನೆರಿಗೆ ಬೆಳಿಗ್ಗೆ ಚೆನ್ನಾಗಿಯೇ ಇರುತ್ತದೆ, ಸಂಜೆಗೆ ಜಾರುತ್ತದೆ, ಅಲ್ವಾ?

ಕೆಂಪು ರಕ್ತಕಣದ ಕಥೆಯೂ ಅದೇ. ಅದಕ್ಕೆ ನ್ಯೂಕ್ಲಿಯಸ್ ಇಲ್ಲ, ಹೊಸ ಕಿಣ್ವ ಮಾಡಿಕೊಳ್ಳಲಾರದು. ತಂದ ಬುತ್ತಿಯಲ್ಲೇ ಸುಮಾರು 120 ದಿನ ಸಾಗಿಸಬೇಕು. ಮಡಿಕೆ ಸಡಿಲವಿದ್ದರೆ ಕಣಕ್ಕೆ ವಯಸ್ಸಾದಂತೆ ಕಿಣ್ವ ಕರಗುತ್ತಾ ಬರುತ್ತದೆ, ಆಕ್ಸಿಡೀಕರಣ ತಡೆಯುವ ಶಕ್ತಿಯೂ ಹೋಗುತ್ತದೆ. ಆಕ್ಸಿಡೀಕರಣ ಹೆಚ್ಚಿಸುವ ಪ್ರೈಮಾಕ್ವಿನ್ ಬಂದಾಗ ಮೊದಲು ಒಡೆಯುವುದು ಆ ಹಳೆಯ ಕಣಗಳೇ. 1954ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ತೋರಿಸಿದರು. ಕಣಗಳಿಗೆ ವಿಕಿರಣದ ಗುರುತು ಹಾಕಿ ಹಿಂಬಾಲಿಸಿದರು. ಹಳೆಯ ಕಣಗಳು ಮುಗಿದ ಮೇಲೆ, ಮಾತ್ರೆ ನಿಲ್ಲಿಸದಿದ್ದರೂ ರಕ್ತ ಚೇತರಿಸಿಕೊಂಡಿತು. ಕಿಣ್ವದ ಕೊರತೆಯೇ ಕಾರಣ ಎಂದು ಗೊತ್ತಾದದ್ದು ಆಮೇಲೆ, 1956ರಲ್ಲಿ. ಈ ಪ್ರಯೋಗಗಳು ನಡೆದದ್ದು ಇಲಿನಾಯ್‌ನ ಸ್ಟೇಟ್‌ವಿಲ್ ಜೈಲಿನ ಕೈದಿಗಳ ಮೇಲೆ. ನೀವು ಬರೀ "ಸ್ವಯಂಸೇವಕರು" ಎಂದು ದಾಟಿಸಿದ್ದೀರಿ. ಅದು ನನಗೆ ಹಿಡಿಸಲಿಲ್ಲ.

ಇನ್ನೊಂದು ಕಡೆ ಹುಷಾರಾಗಿರಿ. ಆ ಚೇತರಿಕೆ ಆಫ್ರಿಕಾ ಮೂಲದ ಎ-ಮೈನಸ್ ಎಂಬ ಇನ್ನೊಂದು ಜಿ6ಪಿಡಿ ಮಾದರಿಯ (ರಕ್ತದ ಗುಂಪಲ್ಲ) ಮಾತು. ಮೆಡಿಟರೇನಿಯನ್ ಮಾದರಿಯಲ್ಲಿ ಎಳೆಯ ಕಣಗಳಲ್ಲೂ ಕಿಣ್ವ ಬೇಗ ಕುಸಿಯುತ್ತದೆ, ರಕ್ತ ಒಡೆಯುವುದು ತಾನಾಗಿ ನಿಲ್ಲುತ್ತದೆ ಎನ್ನುವಂತಿಲ್ಲ. ಈ ಸಾಲು ಬಿಟ್ಟರೆ ಯಾರೋ ಓದುಗರು ಧೈರ್ಯ ಮಾಡಿ ಮಾತ್ರೆ ಮುಂದುವರಿಸಿಯಾರು.

"ವಿಕೃತ ಕಿಣ್ವ" ಅನ್ನಬೇಡಿ. ಮಾವನೂ ಓದುತ್ತಾರೆ. ಉತ್ಪರಿವರ್ತನೆ, ಮ್ಯುಟೇಶನ್, ಎರಡರಲ್ಲಿ ಒಂದನ್ನೇ ಕೊನೆವರೆಗೂ ಬಳಸಿ.

ತಿದ್ದಿ ಕಳಿಸುವ ಮುಂಚೆ ಮಾವನಿಗೆ ಒಂದು ಫೋನ್ ಮಾಡಿ. ಪ್ರೈಮಾಕ್ವಿನ್ ಕೊಡುವ ಮೊದಲು ಜಿ6ಪಿಡಿ ಪರೀಕ್ಷೆ ಮಾಡಿದ್ದರಾ, ಕೇಳಿ. ಲೇಖನದಲ್ಲಿ ಅದು ಎಲ್ಲೂ ಇಲ್ಲ.